ಅರವತ್ತೆರಡು ಕಿಲೋದ ಬೆಲ್ಟು

ನನ್ನ ಗಂಡ ವಾರವೆಲ್ಲ ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದ, ಭಾನುವಾರ ಬಾಲಾನಗರಕ್ಕೆ ಹೋಗಿ ಜನರನ್ನು ಎತ್ತಿ ಒಗೆಯುತ್ತಿದ್ದ. ಮದುವೆಗೆ ಮುಂಚೆ ನನಗೆ ಹೇಳಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದು ಗೊತ್ತಾಗಿದ್ದು ಮದುವೆಯಾದ ಮೂರನೇ ವಾರ, ಬಟ್ಟೆ ನೆನೆಹಾಕುವಾಗ ಮಿರಮಿರ ಮಿಂಚುವ ಕೆಂಪು ಚಡ್ಡಿಯೊಂದು ಕೈಗೆ ಸಿಕ್ಕಾಗ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇದೇನು ಅಂತ ಕೇಳಿದರೆ, "ಚಾಂಪಿಯನ್ ಚಡ್ಡಿ ಅದು, ಬಿಸಿನೀರಾಗ ಹಾಕಬ್ಯಾಡ" ಎಂದ ಮಹಾರಾಯ.

ಮುಚ್ಚಿಹೋಗಿದ್ದ ಒಂದು ಲೇತ್ ಕಾರ್ಖಾನೆಯ ಶೆಡ್ಡಿನಲ್ಲಿ ಈ ಕುಸ್ತಿ ನಡೆಯುತ್ತಿತ್ತು. ಮಣ್ಣಿನ ಅಖಾಡದ ಕುಸ್ತಿಯಲ್ಲ, ಟೀವಿಯಲ್ಲಿ ಬರುತ್ತಲ್ಲ, ಹಗ್ಗ ಕಟ್ಟಿದ ರಿಂಗಿನೊಳಗೆ ಹಾರುವುದು, ಎಗರುವುದು, ಒದೆ ತಿಂದಂತೆ ನರಳುವುದು, ಅದು. ನಡೆಸುತ್ತಿದ್ದವರು ಬೀದರ ಕಡೆಯ ಒಬ್ಬ ಹಳೆಯ ಪೈಲ್ವಾನರು. ಎಲ್ಲರಿಗೂ ಅವರು ಉಸ್ತಾದ್. ಯಾರು ಗೆಲ್ಲಬೇಕು, ಯಾರು ಬೀಳಬೇಕು, ಎಷ್ಟನೇ ನಿಮಿಷಕ್ಕೆ ಬೀಳಬೇಕು, ಎಲ್ಲವನ್ನೂ ಅವರು ಚಹಾ ಕುಡಿಯುತ್ತಾ ಮೊದಲೇ ನಿಗದಿ ಮಾಡಿಬಿಡುತ್ತಿದ್ದರು. ಸುತ್ತಲಿನ ಕಾರ್ಖಾನೆಯವರು, ಗಾಜಿನ ಕಟ್ಟಡಗಳ ಹುಡುಗರು, ಎಲ್ಲರೂ ಗೊತ್ತಿದ್ದೇ ಬಂದು ಸೀಟಿ ಹೊಡೆಯುತ್ತಿದ್ದರು.

ದಪ್ಪದವರಿಗೆ ಒಂದು ಬೆಲ್ಟು, ಹಗುರದವರಿಗೆ ಒಂದು. ಹಗುರದ್ದಕ್ಕೇ ಬೆಲೆ ಹೆಚ್ಚು, ಯಾಕೆಂದರೆ ದಪ್ಪದವರು ಹಾರುತ್ತಿರಲಿಲ್ಲ. ಆ ಬೆಲ್ಟಿಗೆ ನಿಯಮ ಒಂದೇ: ಕುಸ್ತಿಯ ದಿನ ಅರವತ್ತೆರಡು ಕಿಲೋ ದಾಟಿರಬಾರದು. ದಾಟಿದ ಚಾಂಪಿಯನ್ನನ ಬೆಲ್ಟು ಅಲ್ಲೇ ಖಾಲಿ. ಕಬ್ಬಿಣ ತೂಗುವ ಹಳೆಯ ಕಾಂಟಾ ಒಂದು ಶೆಡ್ಡಿನ ಮೂಲೆಯಲ್ಲಿತ್ತು. ಕುಸ್ತಿಯಾಡುವ ಇಬ್ಬರೂ ಅದರ ಮೇಲೆ ನಿಲ್ಲಬೇಕು, ಉಸ್ತಾದರು ಮುಳ್ಳು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು.

ನಾನೂ ಅವನ ಜೊತೆ ಹೋಗತೊಡಗಿದೆ, ಮೂರನೇ ಭಾನುವಾರದ ಹೊತ್ತಿಗೆ ಸೀಟಿ ಹೊಡೆಯುವುದನ್ನೂ ಕಲಿತಿದ್ದೆ. ನನ್ನ ಅಕ್ಷರ ದುಂಡಗಿದೆ ಅಂತ ಉಸ್ತಾದರು ಒಂದು ಕೆಲಸ ಹಚ್ಚಿದರು. ಬೆಲ್ಟಿನ ಚರಿತ್ರೆಯನ್ನು, ಅಂದರೆ ಯಾರು, ಯಾವಾಗ, ಯಾರನ್ನು ಸೋಲಿಸಿ ಚಾಂಪಿಯನ್ ಆದರು ಅನ್ನುವುದನ್ನು, ಗೋಡೆಗೆ ಹಾಕುವ ಹಲಗೆಯ ಮೇಲೆ ಬರೆಯಬೇಕು. ರಿಜಿಸ್ಟರ್ ತೆಗೆದು ಕೂತೆ. ನಗು ತಡೆಯಲಾಗಲಿಲ್ಲ. ಆ ಬೆಲ್ಟನ್ನು ಯಾರೊಬ್ಬರೂ ರಿಂಗಿನಲ್ಲಿ ಕಳೆದುಕೊಂಡಿರಲೇ ಇಲ್ಲ, ಎಲ್ಲರೂ ಕಾಂಟಾದ ಮೇಲೇ ಕಳೆದುಕೊಂಡಿದ್ದರು. ಮೊದಲ ಚಾಂಪಿಯನ್ ಬಸ್ ಕಂಡಕ್ಟರ್, ಮದುವೆಯಾದ ಆರು ತಿಂಗಳಿಗೆ ಅರವತ್ತಾರು. ಎರಡನೆಯವನು ಬೇಕರಿಯವನು, ಅವನಿಗೆ ಕೊಟ್ಟಿದ್ದೇ ತಪ್ಪು. ಮೂರನೆಯವನು ಕಾಲ್ ಸೆಂಟರಿನ ಹುಡುಗ, ಕಂಪನಿಯ ಕ್ಯಾಂಟೀನು ಮತ್ತು ರಂಜಾನಿನ ಹಲೀಮು ಸೇರಿ ಅವನನ್ನು ಮುಗಿಸಿದವು. ನಾಲ್ಕನೆಯವನು ನನ್ನವನು.

ಆಮೇಲೆ 'ಸೋತವರು' ಎಂಬ ಕಡೆ ಬರೆಯತೊಡಗಿದೆ. ಬರೆಯುತ್ತಾ ಬರೆಯುತ್ತಾ ನಗು ನಿಂತಿತು. ನಾಲ್ಕೂ ಸಲ ಒಬ್ಬನದೇ ಹೆಸರು. ಬೆಲ್ಟು ಖಾಲಿಯಾದಾಗಲೆಲ್ಲ ಅದಕ್ಕಾಗಿ ಹೊಸಬನ ಎದುರು ನಿಂತು, ಬಿದ್ದು, ಅವನನ್ನು ಚಾಂಪಿಯನ್ ಮಾಡಿ ಕಳಿಸಿದವರು ಯಾದಗಿರಿ ಕಡೆಯ ಒಬ್ಬ ಗೌಂಡಿ. ನನ್ನ ಗಂಡನ ಆಫೀಸಿನ ಪಕ್ಕದಲ್ಲೇ ಏಳುತ್ತಿದ್ದ ಕಟ್ಟಡದಲ್ಲಿ ಗೋಡೆ ಕಟ್ಟುತ್ತಿದ್ದರು. ಚಹಾದಂಗಡಿಯಲ್ಲಿ ಕನ್ನಡ ಕೇಳಿ ಮಾತಾಡಿಸಿ, ನನ್ನವನನ್ನು ಈ ಹುಚ್ಚಿಗೆ ಎಳೆದು ತಂದವರೂ ಅವರೇ.

ನಾನು ಸುಮ್ಮನಿರುವವಳಲ್ಲ. ಆಫೀಸಿನಲ್ಲೂ ನನ್ನದು ಟೆಸ್ಟಿಂಗ್ ಕೆಲಸ, ಇನ್ನೊಬ್ಬರ ತಪ್ಪು ಹುಡುಕಿಯೇ ಸಂಬಳ ಎಣಿಸುವವಳು. ನೇರ ಉಸ್ತಾದರ ಮುಂದೆ ಹೋಗಿ, ಇದು ಯಾವ ಸೀಮೆಯ ನ್ಯಾಯ ಅಂತ ಕೇಳಿಯೇಬಿಟ್ಟೆ.

"ಬೀಳೂದು ಎಲ್ಲಾರಿಗೂ ಬರಂಗಿಲ್ಲಮ್ಮಾ" ಎಂದರು ಅವರು. "ಗೆದ್ದಾಂವ ಚಂದ ಕಾಣಬೇಕಂದ್ರ ಸೋತಾಂವ ಚಂದ ಬೀಳಬೇಕು. ಅವನಂಗ ಬೀಳಾವ್ರು ಹೈದರಾಬಾದಿನಾಗ ಮತ್ತೊಬ್ಬರಿಲ್ಲ."

"ಹಾಗಂತ ಜನ್ಮವಿಡೀ ಬೀಳ್ತಾನೇ ಇರಬೇಕಾ? ಒಂದೇ ಒಂದು ಸಲ ಎದ್ದು ನಿಲ್ಲಲಿ."

ಉಸ್ತಾದರು ಗಡ್ಡ ತುರಿಸಿಕೊಂಡರು. ಕೊನೆಗೆ ಒಪ್ಪಿದರು. ನನ್ನ ಗಂಡನಂತೂ ಖುಷಿಯಿಂದ ಕುಣಿದ. ಗೌಂಡಿಯಣ್ಣನಿಗೆ ಸುದ್ದಿ ಹೇಳಿದಾಗ ಅವರು ಕೈಗೆ ಹತ್ತಿದ ಸಿಮೆಂಟು ಒರೆಸಿಕೊಂಡರು. ಆಮೇಲೆ, "ತೊಗರಿ ರಾಶಿ ಮುಗಿದ ಮ್ಯಾಲ ಇಡ್ರಿ ಅಕ್ಕಾರ, ನಮ್ಮ ಮನ್ಯಾಕಿ ಮಗಳನ್ನ ಕರಕೊಂಡು ಬರ್ತಾಳ. ಆಕಿ ನನ್ನ ಕುಸ್ತಿ ಒಮ್ಮಿನೂ ನೋಡಿಲ್ಲ" ಎಂದರು. ಅದಕ್ಕೆ ಇನ್ನೂ ಎರಡು ತಿಂಗಳಿತ್ತು.

ಅಷ್ಟರಲ್ಲಿ ವಿಜಯಪುರದಿಂದ ನನ್ನ ಅತ್ತೆ ಬಂದಿಳಿದರು. ಬಾಗಿಲಲ್ಲೇ ಮಗನ ಮುಖ ಹಿಡಿದು, "ಏನೋ ನನ್ನಪ್ಪಾ, ಸೊರಗಿ ಕಡ್ಡಿ ಆಗೀಯಲ್ಲೋ" ಎಂದವರು ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಆ ನೋಟದ ಅರ್ಥ ಸೊಸೆಯಂದಿರಿಗೆಲ್ಲ ಗೊತ್ತು. ಮರುದಿನದಿಂದ ಶುರುವಾಯಿತು ನೋಡಿ: ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಬೆಣ್ಣೆ, ಅಂಟಿನುಂಡೆ, ಬೆಲ್ಲ ತುಪ್ಪದ ಮಾದಲಿ. ನನ್ನವನು ಅರವತ್ತೊಂದೂವರೆಯಲ್ಲಿದ್ದ. ಅವನು ಅರವತ್ತೆರಡು ದಾಟಿದರೆ ಬೆಲ್ಟು ಮೊದಲೇ ಖಾಲಿ, ಚಾಂಪಿಯನ್ನನ್ನು ಕೆಡವಿ ಗೆಲ್ಲುವ ಭಾಗ್ಯ ಗೌಂಡಿಯಣ್ಣನಿಗೆ ತಪ್ಪುತ್ತದೆ. ತಿನ್ನುವಂತಿಲ್ಲ, ಬೇಡ ಅಂದರೆ ಅಮ್ಮನಿಗೆ ನೋವು.

ಉಪಾಯ ಹೂಡಿದವಳು ನಾನೇ. ಎಲ್ಲವನ್ನೂ ಡಬ್ಬಿಗೆ ತುಂಬಿ ಅವನ ಕೈಲಿ ಕೊಡುವುದು, ಅವನು ಪಕ್ಕದ ಕಟ್ಟಡಕ್ಕೆ ಹೋಗಿ ಗೌಂಡಿಯಣ್ಣನಿಗೆ ದಾಟಿಸುವುದು. ಡಬ್ಬಿ ಖಾಲಿಯಾಗಿ ಬಂದರೆ ಅತ್ತೆಗೆ ಹಿಗ್ಗು. ಮರುದಿನ ಇನ್ನೆರಡು ಹೋಳಿಗೆ ಹೆಚ್ಚಿಗೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಕುಸ್ತಿಯ ಭಾನುವಾರ ಬಂತು. ನನ್ನವನು ಕಾಂಟಾದ ಮೇಲೆ ನಿಂತ, ಅರವತ್ತೊಂದು. ನಾನು ನಿಟ್ಟುಸಿರುಬಿಟ್ಟೆ. ಗೌಂಡಿಯಣ್ಣ ನಿಂತರು. ಅವರ ಕಡೆ ನಾನು ನೋಡಲೂ ಇಲ್ಲ, ಯಾಕೆಂದರೆ ರಿಜಿಸ್ಟರಿನ ತುಂಬ ಅವರ ತೂಕ ಐವತ್ತೇಳು, ಐವತ್ತೆಂಟು, ಅಷ್ಟೇ. ಶೆಡ್ಡು ಯಾಕೋ ಒಮ್ಮೆಗೇ ಸುಮ್ಮನಾಯಿತು. ತಿರುಗಿದೆ. ಮುಳ್ಳು ಅರವತ್ತೆರಡು ಮುಕ್ಕಾಲಿಗೆ ಹೋಗಿ ಕೂತಿತ್ತು.

ಕೈಯಾರೆ ಮಾಡಿಕೊಂಡ ಕರ್ಮ. ಎರಡು ತಿಂಗಳು ಗಂಡನ ಹೊಟ್ಟೆಯನ್ನು ಕಾದವಳು, ಆ ತುಪ್ಪವೆಲ್ಲ ಯಾವ ಹೊಟ್ಟೆಗೆ ಹೋಗುತ್ತಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಬೇರೆಯವರ ತಪ್ಪನ್ನು ಭೂತಗನ್ನಡಿ ಹಿಡಿದು ಹುಡುಕುವವಳು ನಾನು. ನಾಚಿಕೆಯಾಯಿತು.

ಇನ್ನೂ ಒಂದು ಗಂಟೆ ಇತ್ತು. ಗೌಂಡಿಯಣ್ಣ ಕಂಬಳಿ ಹೊದ್ದು ಬಾಲಾನಗರದ ಗಲ್ಲಿಗಳಲ್ಲಿ ಓಡಿದರು. ಜೊತೆಗೆ ನನ್ನವನೂ ಓಡಿದ. ಬೆವರು ಸುರಿಸುತ್ತಾ ಬಂದು ಮತ್ತೆ ನಿಂತರೆ ಅರವತ್ತೆರಡೂಕಾಲು.

"ಕಾಲು ಕಿಲೋ ತಾನೇ, ಬಿಟ್ಟುಬಿಡಿ ಉಸ್ತಾದ್" ಎಂದೆ. "ಇಲ್ಲಿ ನಡೆಯೋದೆಲ್ಲ ಸುಳ್ಳೇ ಅಲ್ಲವಾ?"

"ಹೌದಮ್ಮಾ, ಬಾಕಿ ಎಲ್ಲಾ ಸುಳ್ಳ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕ ಇದೊಂದಾದ್ರೂ ಖರೇ ಇರಬೇಕು."

ನನಗೆ ಅಳು ಬಂತು. ಗೌಂಡಿಯಣ್ಣನ ಮುಂದೆ ಹೋಗಿ, "ನನ್ನಿಂದಲೇ ಹೀಗಾಯಿತು, ಹೋಳಿಗೆ ಕಳಿಸಿದವಳು ನಾನು" ಎಂದೆ. ಅವರು ಕಂಬಳಿಯಿಂದ ಮುಖ ಒರೆಸಿಕೊಂಡು, "ಕಳಸಿದ್ದು ನೀವು, ತಿಂದಾಂವ ನಾನಲ್ಲೇನ್ರಿ ಅಕ್ಕಾರ" ಎಂದು ನಕ್ಕರು. ನಗುವಾಗ ಕಣ್ಣು ಮಾತ್ರ ಬಾಗಿಲ ಕಡೆಯೇ ಇತ್ತು. ಯಾದಗಿರಿಯ ಬಸ್ಸು ತಡವಾಗಿ, ಹೆಂಡತಿ ಮಗಳು ಆಗತಾನೆ ಒಳಗೆ ಬರುತ್ತಿದ್ದರು.

ಕುಸ್ತಿಯೇನೋ ನಡೆಯಿತು, ಬೆಲ್ಟಿಗಾಗಿ ಅಲ್ಲ ಎಂದು ಉಸ್ತಾದರು ಮೊದಲೇ ಕೂಗಿ ಹೇಳಿದರು. ಗೌಂಡಿಯಣ್ಣ ನನ್ನವನನ್ನು ತಲೆಯ ಮೇಲೆತ್ತಿ ಒಗೆದರು. ಅವನೂ ಗುರುವಿಗೆ ತಕ್ಕ ಶಿಷ್ಯನಂತೆ ದಬಾರನೆ ಬಿದ್ದ. ಜನ ಸೀಟಿ ಹೊಡೆದರು. ಆದರೆ ಬೆಲ್ಟು ಮಾತ್ರ ಸೋತವನ ಸೊಂಟಕ್ಕೇ ಹೋಯಿತು, ನನಗೆ ಆ ಕಡೆ ನೋಡಲಾಗಲಿಲ್ಲ.

ಜನ ಚದುರಿದ ಮೇಲೆ ಗೌಂಡಿಯಣ್ಣನ ಹೆಂಡತಿ ನನ್ನ ಹತ್ತಿರ ಬಂದರು. "ಗೆದ್ದಾರ, ಮತ್ತ ಬೆಲ್ಟ್ ಯಾಕ ಕೊಡಲಿಲ್ರೀ ಅಕ್ಕಾ?"

ತಲೆ ತಗ್ಗಿಸಿಕೊಂಡೇ ಹೇಳಿದೆ. ನಿಯಮ, ಕಾಂಟಾ, ಎಲ್ಲ ಹೇಳಿದೆ. "ತೂಕ ಜಾಸ್ತಿಯಾಯಿತು, ಅದಕ್ಕೆ."

"ಯಾರದು?"

"ನಿಮ್ಮ ಯಜಮಾನರದು."

ಆಕೆ ನಂಬಲಿಲ್ಲ. "ಹ್ವಾದ ವರ್ಷ ಎಷ್ಟಿತ್ರೀ?"

"ಐವತ್ತೇಳು."

ಆಕೆ ಗಂಡನ ಹತ್ತಿರ ಹೋಗಿ ಅವರ ತೋಳನ್ನು ಹಿಡಿದು, ಒತ್ತಿ ನೋಡಿದರು. "ಊರಾಗ ಎಲ್ಲಾರೂ ಹೇಳಿ ಹೇಳಿ ನನ್ನ ಜೀವಾ ತಿಂದಾರ್ರೀ ಅಕ್ಕಾ" ಎಂದರು, ಕಣ್ಣು ತುಂಬಿತ್ತು. "ಪ್ಯಾಟ್ಯಾಗ ಉಪಾಸ ಬಿದ್ದು ಸಾಯ್ತಾನ ನಿನ್ನ ಗಂಡ, ರೊಕ್ಕ ಅಷ್ಟ ಕಳಸ್ತಾನ, ತಾ ಉಣ್ಣಂಗಿಲ್ಲ ಅಂತ." ಆಮೇಲೆ ಗಂಡನಿಗೆ ಹೇಳಿದರು: "ಇನ್ನೊಮ್ಮಿ ನಿಂದರ್ರಿ ಅದರ ಮ್ಯಾಲ. ನಾ ನೋಡಬೇಕು."

ಗೌಂಡಿಯಣ್ಣ ನಾಚಿಕೊಂಡೇ ಕಾಂಟಾ ಹತ್ತಿದರು. ಉಸ್ತಾದರು ಎದ್ದು ಬಂದು, ಚಾಂಪಿಯನ್ನರನ್ನು ಕರೆಯುವಾಗಿನ ದೊಡ್ಡ ದನಿಯಲ್ಲಿ "ಅರವತ್ತೆರಡೂಕಾಲು" ಎಂದು ಕೂಗಿದರು. ಆಕೆ ಮಗಳನ್ನು ಎತ್ತಿಕೊಂಡು ಮುಳ್ಳನ್ನು ತೋರಿಸಿ, "ನೋಡವಾ, ನಿಮ್ಮಪ್ಪ" ಎಂದರು. ಗೌಂಡಿಯಣ್ಣ ಇಳಿಯಲು ಹೊರಟರೆ, ಇಳಿಯಬೇಡಿ, ಇನ್ನೊಂದಿಷ್ಟು ಹೊತ್ತು ನಿಲ್ಲಿ ಎಂದು ಆಕೆ ಕೈಸನ್ನೆ ಮಾಡಿದರು. ಅವರು ಎದೆ ಸೆಟೆಸಿಕೊಂಡು ನಿಂತೇ ಇದ್ದರು.