ಹೆಸರು ಕೊರೆಯದ ಲೋಟ

ಪರ್ತ್‌ನ ವಿಲೆಟನ್‌ನಲ್ಲಿ, ನಮ್ಮ ಮನೆಯ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ನಾಲ್ಕೂಕಾಲು. ಎದುರುಮನೆಯ ಆಂಟಿ ನಲ್ಲಿಯ ಕೆಳಗೆ ಸ್ಟೀಲ್ ಲೋಟ ಹಿಡಿದಿದ್ದರು. ಗೆಣ್ಣುಗಳು ಊದಿ, ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿದ್ದ ಕೈ. ಆ ಕೈ ಲೋಟವನ್ನು ಎರಡು ಸಲ ತೊಳೆದು, ನೀರು ಕೊಡವಿ, ವಾಷಿಂಗ್ ಮಷೀನಿನ ಹಿಂದಿನ ಕಿಟಕಿಕಟ್ಟೆಯ ಮೇಲೆ ಸೋಪಿನ ಪುಡಿಯ ಡಬ್ಬಿಯ ಪಕ್ಕ ಬೋರಲು ಹಾಕಿತು. ಅಲ್ಲಿಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಅಮ್ಮ ಆ ಲೋಟವನ್ನು ಅಲ್ಲಿಂದ ತಂದದ್ದನ್ನು ಆ ದಿನ ಕಂಡಿದ್ದರು, ಅಷ್ಟೆ.

ಅವರು ಈ ನೆಲದ ಮೂಲನಿವಾಸಿ, ಎಂಬತ್ತು ದಾಟಿದವರು. ನಾವು ಹಿರಿಯ ಹೆಂಗಸರನ್ನೆಲ್ಲ ಆಂಟಿ ಅನ್ನುತ್ತೇವೆ. ಅವರ ಜನರೂ ಹಿರಿಯರನ್ನು ಗೌರವದಿಂದ ಹಾಗೇ ಕರೆಯುತ್ತಾರೆ. ಹಾಗಾಗಿ ಏನೆಂದು ಕರೆಯಬೇಕೆಂಬ ಮುಜುಗರ ಎರಡು ಮನೆಗಳ ನಡುವೆ ಬರಲೇ ಇಲ್ಲ. ನಾನು ಫಿಸಿಯೋಥೆರಪಿಸ್ಟ್ ಎಂದು ತಿಳಿದ ದಿನವೇ ಲಂಗ ಎತ್ತಿ ಮಂಡಿ ತೋರಿಸಿದರು. ಚರ್ಮ ಚಪ್ಪಲಿಯ ಅಟ್ಟೆಯಷ್ಟು ದಪ್ಪಗಿತ್ತು. ಒಂದೊಂದನ್ನೇ ತಟ್ಟಿ, "ಇದು ಮುಂದಿನ ವರಾಂಡ, ಇದು ಹಿಂದಿನದು" ಎಂದು ನಕ್ಕರು. ಅವರು ಆಡಿದ್ದು ಇಂಗ್ಲಿಷ್. ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹದಿಮೂರು ವರ್ಷಕ್ಕೆ ಸರ್ಕಾರದವರು ತಾಯಿಯಿಂದ ಬಿಡಿಸಿ ಅವರನ್ನು ದೂರದ ಕುರಿ ಫಾರ್ಮಿನ ಮನೆಗೆ ಕಳಿಸಿದ್ದರು. ನಸುಕಿಗೆ ಎದ್ದು ಒಲೆ ಹಚ್ಚಬೇಕು, ಹಾಲು ಕರೆಯಬೇಕು, ಆಮೇಲೆ ವರಾಂಡದ ಹಲಗೆಗಳನ್ನು ಮಂಡಿಯೂರಿ ಉಜ್ಜಬೇಕು. ಮಲಗಲು ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಉಣ್ಣೆಯ ಚೀಲ. ಕುಡಿಯಲು ಒಂದು ತಗಡಿನ ಮಗ್ಗು. ಅದು ಹೊರಗೋಡೆಯ ಮೊಳೆಗೆ ತೂಗುಹಾಕಿರುತ್ತಿತ್ತು. ಒಮ್ಮೆ ಕೇಳದೆ ತಾಯಿಯನ್ನು ನೋಡಲು ಹೊರಟಾಗ ಪೊಲೀಸಿನವನು ಕುದುರೆಯ ಮೇಲೆ ಬಂದು ವಾಪಸ್ ಕರೆತಂದ.

"ಅವ್ರು ಅದನ್ನ ಟ್ರೇನಿಂಗ್ ಅಂತಿದ್ರು. ಸಂಬಳ ಇಲ್ಲ, ಬಿಟ್ಟು ಹೋಗೋ ಹಾಗಿಲ್ಲ. ನಿಮ್ ಭಾಷೇಲಿ ಅದಕ್ಕೇನಂತೀರಾ?"

"ಜೀತ" ಎಂದೆ.

ಎರಡು ಸಲ ಹೇಳಿ ನೋಡಿದರು. "ಅಷ್ಟ್ ದೊಡ್ಡ ಕೆಲಸಕ್ಕೆ ಇಷ್ಟ್ ಚಿಕ್ಕ ಪದಾನಾ!"

ಆ ವರ್ಷ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದರು. ಆಂಟಿ ಭಾನುವಾರಗಳಂದು ತಮ್ಮ ಗಿಡದ ನಿಂಬೆಹಣ್ಣು ಹಿಡಿದು ಬರುವರು. ಭಾಷೆಯಿಲ್ಲದೆಯೇ ಇಬ್ಬರೂ ಸೇರಿ ಉಪ್ಪಿನಕಾಯಿ ಹಾಕಿದ್ದರು. ನಮ್ಮ ಮನೆಯ ಲೋಟಗಳ ಮೇಲೆಲ್ಲ ಅಮ್ಮನ ಹೆಸರು ಕೊರೆದಿದೆ. ಇಂಡಿಯನ್ ಅಂಗಡಿಯಲ್ಲಿ ಅಮ್ಮ ಕೊಂಡ ಒಂದರ ಮೇಲೆ ಮಾತ್ರ ಇಲ್ಲ. ಅದು ಆಂಟಿಯದು. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ವಾರವೇ ಕಂಡಿತ್ತು, ವಿಚಿತ್ರ ಅನ್ನಿಸಿರಲಿಲ್ಲ.

ಆ ಭಾನುವಾರ ಹತ್ತು ವರ್ಷದ ನನ್ನ ಮಗಳು ಹಿಂದಿನಿಂದ ಕೇಳಿದಳು: "ಅಜ್ಜಿ, ವೈ ಈಸ್ ಆಂಟೀಸ್ ಕಪ್ ಇನ್ ದ ಲಾಂಡ್ರಿ?"

"ಸುಮ್ನಿರೇ. ಅದು ದೊಡ್ ಲೋಟ ಕಣೇ, ಅವ್ರಿಗೆ ಕಾಫಿ ಜಾಸ್ತಿ ಬೇಕಲ್ವಾ?" ಎಂದರು ಅಮ್ಮ.

ಆಂಟಿ ಲಂಗಕ್ಕೆ ಕೈ ಒರೆಸಿಕೊಂಡು, ಕಾಫಿ ಚೆನ್ನಾಗಿತ್ತೆಂದು ಹೇಳಿ ಬಾಗಿಲಿಗೆ ಬಂದರು. ನಾನು ಪಕ್ಕಕ್ಕೆ ಸರಿದೆ. ನಾನು ಮಾಡಿದ್ದು ಅಷ್ಟೆ.

ಮೂರು ಭಾನುವಾರ ಅವರು ಬರಲಿಲ್ಲ. ನಾಲ್ಕನೆಯದಕ್ಕೆ ನಾನೇ ಹೋದೆ. ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸುತ್ತಿದ್ದರು.

"ನಿಮ್ಮಮ್ಮ ಕೆಟ್ಟೋರಲ್ಲ. ಆ ಫಾರ್ಮಿನ ನಮ್ ಮಿಸ್ಸಸ್ಸೂ ಕೆಟ್ಟೋರಲ್ಲ. ನಂಗೆ ದಡಾರ ಆದಾಗ ಪಕ್ಕದಲ್ಲೇ ಕೂತಿದ್ರು." ಇನ್ನೊಂದು ಹಣ್ಣು ಆರಿಸಿ ಹೇಳಿದರು: "ಆ ಮನೇಲಿ ಹಿರೀ ಮಗ ಒಬ್ಬ ಇದ್ದ, ಮದುವೆ ಆದೋನು. ನಾನು ಮಗ್ಗು ಮೊಳೆಗೆ ಹಾಕೋವಾಗ ಬಾಗಿಲಲ್ಲಿ ನಿಂತು ನೋಡ್ತಿದ್ದ. ತುಂಬಾ ಒಳ್ಳೇವ್ನು. ಯಾವಾಗ್ಲೂ ದಾರಿ ಬಿಡ್ತಿದ್ದ."

ಮನೆಗೆ ಬಂದು, ಆಂಟಿಯ ಲೋಟವನ್ನು ಅಡುಗೆಮನೆಯಲ್ಲೇ ಇಡುತ್ತೇನೆಂದು ಅಮ್ಮನಿಗೆ ಹೇಳಿದೆ.

"ನಾನೇನ್ ಬೈದ್ನಾ? ಅವರನ್ನ ಉಪವಾಸ ಕೆಡವಿದ್ನಾ? ಇಟ್ರೆ ನಾನು ಅಡುಗೆಮನೆಗೆ ಕಾಲಿಡಲ್ಲ ನೋಡು."

"ಇಡ್ಬೇಡಮ್ಮ ಹಾಗಾದ್ರೆ."

ಅಮ್ಮನಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ಎರಡು ದಿನ ಅವರು ಅಡುಗೆಮನೆಗೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಡಿಕಾಕ್ಷನ್ನಿನ ವಾಸನೆಗೆ ಎಚ್ಚರವಾಯಿತು. ಭಾನುವಾರ ಬರುವಂತೆ ಆಂಟಿಗೆ ಹೇಳಲು ಅಮ್ಮ ನನ್ನ ಮಗಳನ್ನು ಕಳಿಸಿದರು; ಅವರು ಬಂದರು. ಅಮ್ಮ ತಮ್ಮ ಹೆಸರಿನ ಲೋಟದಲ್ಲೇ ಕಾಫಿ ಕೊಟ್ಟರು. ಆಂಟಿ ಬೆರಳಿನಿಂದ ಅಕ್ಷರಗಳನ್ನು ಸವರಿ, ಕುಡಿದರು. ಅವರು ಹೋದಮೇಲೆ ಅಮ್ಮ ಸಿಂಕನ್ನು ಎರಡು ಸಲ ಉಜ್ಜಿದರು. ಅದನ್ನೂ ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಆಂಟಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹೋದವರ ಹೆಸರನ್ನು ಸ್ವಲ್ಪ ಕಾಲ ಹೇಳಬಾರದು ಎಂದು ಅವರ ಮೊಮ್ಮಗಳು ಕೇಳಿಕೊಂಡಿದ್ದಾಳೆ. ಹಾಗಾಗಿ ಇಲ್ಲಿ ಹೆಸರಿಲ್ಲ.

ಆ ಭಾನುವಾರವನ್ನು ಕಂಡು ಈಗ ಉಳಿದಿರುವವರಲ್ಲಿ ನನ್ನ ಮಗಳಿದ್ದಾಳೆ, ಅಡಿಲೇಡಿನಲ್ಲಿ ಓದುತ್ತಿದ್ದಾಳೆ. ಅಮ್ಮ ಮೈಸೂರಿನಲ್ಲಿದ್ದಾರೆ. ನಾನಿದ್ದೇನೆ. ಇನ್ನೊಬ್ಬರು ಅಂದು ಇಲ್ಲಿರಲಿಲ್ಲ, ಆದರೆ ನಾನು ಹಾಗೆ ದಾರಿ ಬಿಡುವುದನ್ನು ನನ್ನ ಕಾಲೇಜಿನ ದಿನಗಳುದ್ದಕ್ಕೂ ದಿನಾ ಬೆಳಿಗ್ಗೆ ಕಂಡವರು: ಮೈಸೂರಿನ ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆದು, ತಮ್ಮ ಲೋಟವನ್ನು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದ ಹೆಂಗಸು. ಅವರೂ ಬದುಕಿದ್ದಾರೆ, ಅಮ್ಮನ ಮನೆಯ ಹಿಂದಿನ ಬೀದಿಯಲ್ಲೇ. ಆ ಲೋಟದ ಬಗ್ಗೆ ಅವರನ್ನು ಯಾರೂ ಏನೂ ಕೇಳಿಲ್ಲ. ನಾನೂ ಇನ್ನೂ ಕೇಳಿಲ್ಲ.