ಮುಶಿಗೇರಿಯಲ್ಲಿ ಬಳೆ ಹೆಚ್ಚಿದ್ದು

ನರಗುಂದದಲ್ಲಿ ಇನ್ನೂ ರಾಜರು ಆಳುತ್ತಿದ್ದ ಕಾಲ. ಕರಾವಳಿಯಲ್ಲಿ ಕನ್ನಡ ಕಲಿತು ಗಜೇಂದ್ರಗಡಕ್ಕೆ ಬಂದ ಒಬ್ಬ ಜರ್ಮನ್ ಪಾದ್ರಿಗೆ ನಾನು ಮುನ್ಶಿಯಾಗಿದ್ದೆ. ಅಲ್ಲಿಂದ ರೋಣ, ರೋಣದಿಂದ ನರಗುಂದ ಹೀಗೆ ಸುತ್ತಿ ಒಂದು ಊರಲ್ಲಾದರೂ ಶಾಲೆ ತೆರೆಯಬೇಕೆಂಬುದು ಅವರ ಹವಣಿಕೆ. ಮಳೆ ಹಿಡಿಯುವುದರೊಳಗೆ ಜಾಗ ಸಿಗದಿದ್ದರೆ ಕರಾವಳಿಗೆ ಮರಳಬೇಕೆಂದು ಅವರ ಹಿರಿಯರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಶಾಲೆಯಾದರೆ ನಾನೇ ಅದರ ಮಾಸ್ತರ.

ಹೊರಡುವ ಮೊದಲು ಈ ಸೀಮೆಯ ಸಂಗತಿಗಳನ್ನೆಲ್ಲ ತಿಳಿಸಿಕೊಡಬೇಕು ಎಂದು ಅವರು ಕೇಳಿದರು. ನಾನು ಐಗಳ ಮಠದಲ್ಲಿ ಓದಿದವನು. ಅಲ್ಲಿ ನಸುಕಿನಲ್ಲಿ ಎದ್ದು, ತಣ್ಣೀರಲ್ಲಿ ಮಿಂದು, ಮರಳಿನ ಮೇಲೆ ಅಕ್ಷರ ತಿದ್ದಿದ ಮೇಲೆಯೇ ರೊಟ್ಟಿ. ಪಾದ್ರಿಗೂ ಅದೇ ಕ್ರಮ ಹಚ್ಚಿದೆ. ಪಾಪ, ಹಸಿದುಕೊಂಡೇ ಕಲಿತರು.

ಮೊದಲು ಮಣ್ಣಿನ ಪಾಠ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಬೂಟಿಗೆ ಅಂಟಿ ಬೂಟನ್ನೇ ಇಟ್ಟುಕೊಳ್ಳುತ್ತದೆ. ಆಮೇಲೆ ನಡಾವಳಿಯ ಪಾಠ. ಹೋದ ಮನೆಯಲ್ಲಿ ಬೆಲ್ಲ, ನೀರು ಕೊಟ್ಟರೆ ಒಲ್ಲೆ ಎನ್ನಬಾರದು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ತಾವು ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕು.

"ಹೋಗುವವನು ಬರುತ್ತೇನೆ ಎಂದರೆ ಸುಳ್ಳಲ್ಲವೇ, ಮುನ್ಶಿಗಳೇ?"

"ಸುಳ್ಳಲ್ರೀ ಸಾಹೇಬ್ರ, ಪದ್ಧತಿ."

ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ದೇವರ ಹತ್ತಿರ ಅಪ್ಪಣೆ ಕೇಳುತ್ತಿದ್ದರೋ ಏನೋ.

ಚಕ್ಕಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯಲ್ಲಿ ಸಿಕ್ಕ ಮುಶಿಗೇರಿಯ ಗೌಡರು ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ, ಬೆಲ್ಲ ಕೊಟ್ಟರು. ಶಾಲೆಗೆ ತಕ್ಕ ಕೋಣೆ ಅವರ ಮನೆಗೆ ಹೊಂದಿಕೊಂಡೇ ಇತ್ತು. ಅದರಲ್ಲಿ ಅವರ ತಾಯಿಯ ಜೋಳದ ಚೀಲಗಳಿದ್ದವು.

"ಅವ್ವ ಹೂಂ ಅಂದ್ರ ನಂದೇನೂ ತಕರಾರಿಲ್ರಿ," ಎಂದರು ಗೌಡರು.

ಅವ್ವ ಕಂಬಕ್ಕೆ ಒರಗಿ ಕುಳಿತು ಪಾದ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಾದ್ರಿ ಬೆಲ್ಲ ತಿಂದು, ನೀರು ಕುಡಿದು, ಶಾಲೆಯ ಮಾತು ಚೆನ್ನಾಗಿಯೇ ಆಡಿದರು. ಮುದುಕಿಯ ಮುಖ ಮೆತ್ತಗಾಗತೊಡಗಿತು. ಅಷ್ಟರಲ್ಲಿ, ಹೊಸದಾಗಿ ಮದುವೆಯಾಗಿ ತವರಿಗೆ ಬಂದಿದ್ದ ಮೊಮ್ಮಗಳು ಒಳಗಿನಿಂದ ಓಡಿ ಬಂದಳು. ಬೀಸುವ ಕಲ್ಲಿಗೆ ಕೈ ತಾಗಿತ್ತು.

"ಆಯೀ, ನನ್ನ ಬಳಿ ಹೆಚ್ಚಿದವು!" ಎಂದು ಅಳುಮುಖ ಮಾಡಿದಳು.

ಪಾದ್ರಿ ಎದ್ದು ನಿಂತು ಎರಡೂ ಕೈ ಎತ್ತಿದರು. "ಬಹಳ ಸಂತೋಷ, ಮಗಳೇ! ದೇವರು ಇನ್ನೂ ಹೆಚ್ಚಿಸಲಿ. ಒಂದೂ ಉಳಿಯದಂತೆ ಎಲ್ಲವೂ ಹೆಚ್ಚಲಿ!"

ನಮ್ಮ ಹೆಂಗಸರು ಬಳೆ ಒಡೆಯಿತು ಎಂದು ಸತ್ತರೂ ಅನ್ನುವುದಿಲ್ಲ. ಆ ಮಾತು ಅಶುಭ. ಅದಕ್ಕೇ ಹೆಚ್ಚಿತು ಎನ್ನುತ್ತಾರೆ. ಇನ್ನು ಕೈಬಳೆಗಳೆಲ್ಲ ಒಡೆಯುವುದು ಗಂಡ ಸತ್ತಾಗ ಮಾತ್ರ. ಪಾದ್ರಿ ಮದುಮಗಳಿಗೆ ಕೊಟ್ಟ ಹರಕೆ ಅದು.

ಗೌಡರ ಕೈಯ ಎಲೆ ಅಡಿಕೆ ಕೈಯಲ್ಲೇ ಉಳಿಯಿತು. ಹುಡುಗಿಯ ಅಳು ನಿಂತುಹೋಯಿತು.

"ಮಾಸ್ತರ," ಎಂದರು ಮುದುಕಿ ನನ್ನ ಕಡೆ ತಿರುಗಿ, "ಈ ಮನಿಷ್ಯಾ ಹರಸಾಕ ಬಂದಾನೋ, ಶಾಪ ಹಾಕಾಕ ಬಂದಾನೋ?"

"ಹರಸಾಕನ ಬಂದಾರವ್ವಾ. ನಮ್ಮ ಮಾತು ಅವರಿಗೆ ತಿಳೀಲಿಲ್ಲ."

ಪಾದ್ರಿಯ ಕಿವಿಯಲ್ಲಿ ಲಗುಬಗೆಯಿಂದ ಅರ್ಥ ಹೇಳಿದೆ. ಅವರ ಮುಖ ಮೆಣಸಿನಕಾಯಿಯಂತೆ ಕೆಂಪಾಯಿತು. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು, ಆದ ತಪ್ಪು ತಿದ್ದಲು ಹುಡುಗಿಯ ಮುಂದೆ ಬಾಗಿದರು. "ಕ್ಷಮಿಸು, ಮಗಳೇ. ನಿನ್ನ ಬಳೆಗಳು ದಿನದಿನಕ್ಕೂ ಕಡಿಮೆಯಾಗಲಿ!"

ಮೊದಲು ನಕ್ಕವಳು ಹುಡುಗಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಗೆ ತಡೆಯಲಿಲ್ಲ. ಆಮೇಲೆ ಗೌಡರು. ಕಡೆಗೆ ಮುದುಕಿ, ಹೊಟ್ಟೆ ಹಿಡಿದುಕೊಂಡು.

"ಅಲ್ಲಪಾ, ನಿಮ್ಮ ದೇಶದಾಗ ಬಳಿ ಹೆಚ್ಚಿದ್ರ ಏನಂತೀರಿ?"

"ಒಡೆಯಿತು ಎನ್ನುತ್ತೇವೆ, ಅಮ್ಮನವರೇ."

"ಶಿವನ! ಬಾಯಿಬಿಟ್ಟು ಹಂಗ ಅಂದಬಿಡ್ತೀರಿ? ಮತ್ತ ದೀಪಾ?"

"ದೀಪ ಆರಿಸು ಎನ್ನುತ್ತೇವೆ."

"ನಾವು ದೀಪಾ ದೊಡ್ಡದು ಮಾಡು ಅಂತೀವಿ. ನಿಮ್ಮ ದೇಶದಾಗ ಹೇಳಿಕೊಡಾವ್ರು ಯಾರೂ ಇಲ್ಲೇನು?"

ಪಾದ್ರಿ ನನ್ನತ್ತ ತಿರುಗಿ, "ಇದನ್ನೇಕೆ ಕಲಿಸಲಿಲ್ಲ, ಮುನ್ಶಿಗಳೇ?" ಎಂದರು.

"ಇದು ಅಡಿಗಿ ಮನಿ ಪಾಠ ಸಾಹೇಬ್ರ. ಐಗಳು ನಮಗೂ ಕಲಿಸಿರಲಿಲ್ಲ."

ಮುದುಕಿ ಕಣ್ಣೊರೆಸಿಕೊಂಡರು. "ಚೀಲಾ ತಗಸ್ತೀನಿ. ಖೋಲಿ ತಗೋರಿ. ಆದ್ರ ಒಂದ ಮಾತು. ಸಾಲಿ ನಡ್ಯಾಕತ್ತಿದ್ರ ನಾ ಬಾಗಿಲದಾಗ ಕುಂದ್ರಾಕಿ. ಈ ಸಾಹೇಬ ನಮ್ಮ ಹುಡುಗೂರಿಗೆ ಆಶೀರ್ವಾದ ಮಾಡೂದಿದ್ರ ಮೊದಲ ನನ್ನ ಕಿವ್ಯಾಗ ಹೇಳಬೇಕು."

ಪಾದ್ರಿ ಒಪ್ಪಿದರು. ಚೀಲಗಳನ್ನು ಹೊರಗೆ ಹಾಕುವಾಗ ತಾವೂ ಹೆಗಲು ಕೊಟ್ಟರು. ಅವರ ಕೋಟಿನ ತುಂಬ ಜೋಳದ ಧೂಳು. ಶಾಲೆ ತೆರೆದ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ಕೂಡಿಸಿ, ಕೈ ಕಟ್ಟಿಸಿ, ನಾನು ಸಿದ್ಧನಾದೆ. ಪಾದ್ರಿ ನೇರವಾಗಿ ಬಾಗಿಲಿಗೆ ಹೋಗಿ, ಬಗ್ಗಿ, ಮುದುಕಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಆಕೆ ಕಣ್ಣು ಮುಚ್ಚಿ ಕೇಳಿ, ಒಂದು ಶಬ್ದ ಬದಲಿಸಿ, ಇನ್ನೊಮ್ಮೆ ಅನ್ನಿಸಿದರು.

"ಹಾಂ, ಇದು ನಡೀತೈತಿ," ಎಂದರು. "ಹೋಗಿ ಅನ್ನು."