ಹೊಸ್ತಿಲಿಗೆ ಎರಡು ಪೆಟ್ಟು

ಅಂಗೈಯಿಂದ ಏನನ್ನಾದರೂ ಬಡಿದ ಸದ್ದು ಕೇಳಿಸಿದರೆ ಸಾಕು, ನಾನು ಓದುತ್ತಿರುವ ಪೇಪರನ್ನು ಮಡಚಿಟ್ಟು ಎದ್ದು ನೋಡುತ್ತೇನೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಮೂರು ವರ್ಷದ ನನ್ನ ಮಗಳು ಚಾವಡಿಯ ಹೊಸ್ತಿಲು ಎಡವಿ ಬಿದ್ದಳು. ಅವಳು ಅಳಲು ಬಾಯಿ ತೆರೆಯುವ ಮೊದಲೇ ನನ್ನ ಅಮ್ಮ ಒಳಗಿನಿಂದ ಓಡಿ ಬಂದು ಹೊಸ್ತಿಲಿಗೆ ಪಟಪಟನೆ ಎರಡು ಬಾರಿಸಿದಳು. "ನಮ್ಮ ಬಾಲೆಯನ್ನು ಬೀಳಿಸ್ತೀಯಾ? ತಗೋ!" ಬೆಳಿಗ್ಗೆ ಅದೇ ಹೊಸ್ತಿಲಿಗೆ ಕುಂಕುಮ ಇಟ್ಟವಳೂ ಅವಳೇ. ಮಗಳು ಅಳು ಮರೆತು ತನ್ನ ಪಾಲಿನದೂ ಒಂದು ಕೊಟ್ಟಳು. ಇಬ್ಬರೂ ನಕ್ಕರು.

ನಿಮ್ಮ ಮನೆಯಲ್ಲೂ ಇದು ನಡೆಯುತ್ತದೆ, ಇಲ್ಲವೆನ್ನಬೇಡಿ. ಎಡವಿದ ಕಲ್ಲು, ತಲೆಗೆ ತಾಗಿದ ಮೇಜು, ಕಾಲು ಜಾರಿದ ಮೆಟ್ಟಿಲು, ಎಲ್ಲಕ್ಕೂ ಹಿರಿಯರ ಕೈಯಿಂದ ಪೆಟ್ಟು. ನೋವಾದರೆ ಯಾರಿಗಾದರೂ ಹೊಡೆಯಬೇಕು ಎಂಬ ಪಾಠ ಅಂಗನವಾಡಿಗೆ ಸೇರುವ ಮೊದಲೇ ಮುಗಿದಿರುತ್ತದೆ. ನಾನು ಹೀಗೆಂದರೆ ಹೆಂಡತಿಗೆ ನಗು. "ನಿಮಗೆ ಹಗ್ಗ ಕಂಡ್ರೂ ಹಾವು ಮಾರಾಯ್ರೆ" ಎನ್ನುತ್ತಾಳೆ. ಹೌದು, ನಾನು ಹೆದರುಪುಕ್ಕಲ. ಕಾಪುವಿನ ಕಡಲ ತೀರಕ್ಕೆ ಹೋದರೆ ಮಗಳ ಕೈ ಹಿಡಿದದ್ದು ಸಾಲದೆಂದು ಅಂಗಿಯ ಬೆನ್ನನ್ನೂ ಹಿಡಿದುಕೊಳ್ಳುವವನು. ಆದರೆ ಈ ಒಂದು ಹೆದರಿಕೆಗೆ ಕಾರಣವಿದೆ.

ನಾನು ಬೆಳೆದದ್ದು ಉಚ್ಚಿಲದಲ್ಲಿ, ಕಡಲಿಗೆ ಹತ್ತಿರ. ಅಪ್ಪ ಬೋಟಿಗೆ ಹೋಗುತ್ತಿದ್ದರು. ಊರಿಗೆಲ್ಲ ಒಳ್ಳೆಯವರು. ಮೀನು ತಂದರೆ ನೆರೆಮನೆಗಳಿಗೆ ಕೊಟ್ಟೇ ನಮ್ಮ ಸಾರಿಗೆ. ಆ ಬಂಗುಡೆ ಸಾರಿನ ವಿಷಯಕ್ಕೆ ಇಳಿದರೆ ನಾನು ಅಲ್ಲೇ ಉಳಿದುಬಿಡುತ್ತೇನೆ, ಬಿಡಿ. ಆದರೆ ಅದೇ ಸಾರಿಗೆ ಉಪ್ಪು ಕಡಿಮೆಯಾದರೆ ಅಮ್ಮನ ಕೆನ್ನೆಗೆ ಕೈ ಬೀಳುತ್ತಿತ್ತು. ಅವಳು ಎದುರು ಮಾತನಾಡಿದರಂತೂ ಕೇಳುವುದೇ ಬೇಡ.

ನನ್ನ ತಂಗಿಗೆ ಆಗ ಐದು ವರ್ಷ. ಒಂದು ಸಂಜೆ ಜಗಲಿಯಲ್ಲಿ ನೆಂಟರು ತುಂಬಿದ್ದರು. ಅಂಗಳದಲ್ಲಿ ತಂಗಿ ಮತ್ತು ಪಕ್ಕದ ಮನೆಯ ಪುಷ್ಪ ಅಡುಗೆ ಆಟ ಆಡುತ್ತಿದ್ದರು. ತೆಂಗಿನ ಗೆರಟೆಯಲ್ಲಿ ಮರಳಿನ ಅನ್ನ, ದಾಸವಾಳದ ಎಲೆಯ ಪಲ್ಯ. ತಂಗಿಯೇ ಗಂಡ. ಊಟಕ್ಕೆ ಕುಳಿತಳು, ಒಂದು ತುತ್ತನ್ನು ಬಾಯಿಯ ಹತ್ತಿರ ತಂದಳು, ಮುಖ ಗಂಟಿಕ್ಕಿದಳು, ಪುಷ್ಪಳ ಕೆನ್ನೆಗೆ ರಪ್ಪನೆ ಬಾರಿಸಿದಳು. ಆಮೇಲೆ ಒಂದು ಕಡ್ಡಿಯನ್ನು ಬೀಡಿಯಂತೆ ತುಟಿಗಿಟ್ಟು ಕಾಲ ಮೇಲೆ ಕಾಲು ಹಾಕಿ ಕುಳಿತಳು.

ಜಗಲಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಅಪ್ಪ. "ಅಪ್ಪನದೇ ಅಚ್ಚು ಮಾರಾಯ್ರೆ! ಇನ್ನೊಮ್ಮೆ ಮಾಡು ಮಗಾ, ನೋಡುವ" ಎಂದರು ದೊಡ್ಡಪ್ಪ. ಪುಷ್ಪಳ ಕೈಗೆ ಚಕ್ಕುಲಿ ಕೊಟ್ಟು, ಅಳು ನಿಲ್ಲಿಸಿ, ಮತ್ತೆ ಕೂರಿಸಿದರು. ಎರಡನೆಯ ಸಲ ತಂಗಿ ಮಾತನ್ನೂ ಸೇರಿಸಿದಳು. "ಎದುರು ಮಾತಾಡ್ತೀಯಾ? ನಿನ್ನ ತಾಯಿಮನೆಗೆ ಅಟ್ಟಿಬಿಡ್ತೇನೆ!" ಅದು ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಕೇಳಿದ ಮಾತು, ಅದೇ ಸ್ವರ. ನಗು ನಿಂತಿತು. ಚಹಾದ ಲೋಟಗಳನ್ನು ಹಿಡಿದು ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಂಗಿಗೆ ಏನೂ ಅರ್ಥವಾಗಲಿಲ್ಲ. ಮತ್ತೊಮ್ಮೆ ಮಾಡಬೇಕೋ ಎಂಬಂತೆ ಎಲ್ಲರ ಮುಖ ನೋಡಿದಳು.

ಅಂದಿನಿಂದ ಅಪ್ಪ ಕೈ ಎತ್ತುವುದನ್ನು ಬಿಟ್ಟರು ಎಂದು ಬರೆಯಲು ನನಗೂ ಆಸೆ. ಅವರು ಬಾಗಿಲು ಹಾಕಿಕೊಳ್ಳಲು ಕಲಿತರು, ಅಷ್ಟೆ. ಅವರು ತೀರಿಹೋಗಿ ವರ್ಷಗಳಾದವು. ತಂಗಿ ಈಗ ಪೆರ್ಡೂರಿನಲ್ಲಿದ್ದಾಳೆ. ಅವಳ ಹೆಜ್ಜೆಯ ಸದ್ದಿಗೇ ಅವಳ ಮಕ್ಕಳು ಸುಮ್ಮನಾಗುತ್ತಾರೆ. ಕೇಳಿದರೆ, "ಎಂತ ಅಣ್ಣ, ಎರಡು ಕೊಡದೆ ಮಕ್ಕಳು ಸರಿಯಾಗ್ತಾರಾ?" ಎನ್ನುತ್ತಾಳೆ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ಮೊನ್ನೆ ಹೇಳಿದೆ: "ಅಮ್ಮಾ, ಅವಳಿಗೆ ಹೊಡೆಯುವುದನ್ನು ಕಲಿಸಬೇಡ."

"ಹೊಸ್ತಿಲಿಗೆ ನೋವಾಗ್ತದಾ ಮಗಾ?" ಎಂದು ಅಮ್ಮ ಮೊಮ್ಮಗಳಿಗೆ ಕಣ್ಣು ಮಿಟುಕಿಸಿ ಇನ್ನೊಂದು ಬಾರಿಸಿದಳು. ಮಗಳು ಕಿಲಕಿಲ ನಕ್ಕು ಮತ್ತೂ ಒಂದು.

"ಬೇಡ ಅಂತ ಹೇಳಿದೆನಲ್ಲ!" ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿಸಿತು. ಕೈ ಯಾವಾಗ ಮೇಲೆದ್ದಿತೋ ಗೊತ್ತಿಲ್ಲ. ತಡೆಯಲು ಎತ್ತಿದ್ದು ಎಂದು ಈಗ ಹೇಳಿಕೊಳ್ಳುತ್ತಿದ್ದೇನೆ.

ಅಮ್ಮ ತಲೆಯನ್ನು ಒಂದು ಬದಿಗೆ ಬಾಗಿಸಿ, ಮೊಣಕೈ ಮಡಚಿ ಕೆನ್ನೆಗೆ ಅಡ್ಡ ಹಿಡಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಎಪ್ಪತ್ತು ದಾಟಿದ ಅಮ್ಮ. ಎದುರಿಗೆ ನಿಂತವನು ಅವಳ ಮಗ. "ಹೊಡೆಯುವುದಿಲ್ಲ ಅಮ್ಮ" ಎಂದೆ. ಆ ಮಾತನ್ನು ಹೇಳಬೇಕಾಗಿ ಬಂತಲ್ಲ ಎಂದುಕೊಳ್ಳುತ್ತಾ ಕೈ ಇಳಿಸಿದೆ.

ಮಗಳು ನನ್ನ ಕಡೆ ನೋಡುತ್ತಿರಲಿಲ್ಲ. ಅಜ್ಜಿಯನ್ನು ನೋಡುತ್ತಿದ್ದಳು. ತನ್ನ ಪುಟ್ಟ ತಲೆಯನ್ನು ಒಂದು ಬದಿಗೆ ಬಾಗಿಸಿ, ಮೊಣಕೈ ಮಡಚಿ, ಕೆನ್ನೆಗೆ ಅಡ್ಡ ಹಿಡಿದು ಕುಳಿತಿದ್ದಳು. ನಾನು ನೆಲದ ಮೇಲೆ ಕುಳಿತು ಮೆಲ್ಲಗೆ ಅವಳ ಹೆಸರು ಕರೆದೆ. ಅಜ್ಜಿ ಕೈ ಇಳಿಸುವವರೆಗೆ ಅವಳೂ ಇಳಿಸಲಿಲ್ಲ.